ಮರ ಮೈ ಮುರಿಯುವ ಸದ್ದು

ಪ್ರೀತಿಯ ಅಮ್ಮ,

ಪಾಪು ಚೆನ್ನಾಗಿದೆ. ನಿದ್ದೆಯೊಂದು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ.

ನಾವಿರುವ ಅಪಾರ್ಟ್‌ಮೆಂಟಿನ ಆರು ಮಹಡಿಯನ್ನೂ ಮರದಲ್ಲೇ ಕಟ್ಟಿದ್ದಾರೆ ಎಂದಾಗ, "ಬೆಂಕಿಪೊಟ್ಟಣದಲ್ಲಿ ಸಂಸಾರ ಹೂಡಿದ್ದೀಯಲ್ಲೇ" ಎಂದು ನಕ್ಕೆಯಲ್ಲ, ದಪ್ಪ ತೊಲೆಯ ಮೈ ಕರಕಲಾದರೂ ಒಳಗೆ ಗಟ್ಟಿಯಾಗಿಯೇ ನಿಲ್ಲುತ್ತದಂತೆ. ಸಿಮೆಂಟು ಸುಡುವ ಹೊಗೆ ತಪ್ಪಿತು, ಮರ ಬೆಳೆಯುವಾಗ ಹೀರಿದ ಇಂಗಾಲವೂ ಗೋಡೆಯಲ್ಲೇ ಉಳಿಯಿತು ಎಂದು ನಿನ್ನ ಅಳಿಯ ಪಾಪುವಿಗೂ ಪಾಠ ಮಾಡುತ್ತಾರೆ. ಅದು ಆಕಳಿಸುತ್ತದೆ.

ನನಗೆ ಬೆಂಕಿಯ ಭಯವಿಲ್ಲ. ಆದರೆ ಬಿಸಿಲು ಇಳಿದ ಮೇಲೆ ಗೋಡೆ ಟಿಕ್ ಎನ್ನುತ್ತದೆ, ನಾನು ತೊಟ್ಟಿಲು ಹಿಡಿದು ಕೂರುತ್ತೇನೆ. ಬೇರೆ ಮನೆ ನೋಡೋಣ ಎಂದೂ ಹೇಳಿಬಿಟ್ಟಿದ್ದೇನೆ. ಅವರಿಗೋ ಈ ಮನೆಯೆಂದರೆ ಪ್ರಾಣ.

ಚಿಕ್ಕಂದಿನಲ್ಲಿ, ನೀನು ಪಾಲಿಶ್ ಮಾಡುತ್ತಿದ್ದ ಬಡಗಿ ಅಂಗಡಿಯಲ್ಲಿ ಮರದ ಹೊಟ್ಟಿನ ಚೀಲವೇ ನನ್ನ ಹಾಸಿಗೆ. ಹೊಸ ಬೀರು ಟಿಕ್ ಎಂದರೆ ಬೆಚ್ಚಿ ಏಳುತ್ತಿದ್ದೆ. ಅರಗಿನ ವಾಸನೆಯ ಕೈಯನ್ನು ನನ್ನ ತಲೆಯ ಮೇಲಿಟ್ಟು ನೀನು ಅನ್ನುತ್ತಿದ್ದೆ, "ಮರ ಮೈ ಮುರೀತಿದೆ ಕಣೇ, ಮಲ್ಕೋ."

ಒಂದು ವಾರದ ಮಟ್ಟಿಗಾದರೂ ಬಾ. ಅಡುಗೆ, ಬಟ್ಟೆ ಯಾವುದನ್ನೂ ಮುಟ್ಟಬೇಡ. ಗೋಡೆ ಸದ್ದು ಮಾಡಿದಾಗ ಆ ಮಾತನ್ನು ಇನ್ನೊಮ್ಮೆ ಹೇಳಿದರೆ ಸಾಕು. ಪಾಪುವಿಗಲ್ಲಮ್ಮ, ಅದು ಹೇಗೂ ಮಲಗುತ್ತದೆ.

ನಿನ್ನ ದಾರಿ ಕಾಯುವ,
ಮಗಳು