ಬಾತುಮೊಟ್ಟೆಯ ನೆಪ

ಕೈನಕರಿ, ಕುಟ್ಟನಾಡು
ನವೆಂಬರ್ ೧೦

ಪ್ರೀತಿಯ ಈಪ್ಪನ್,

‘ಡಾಕ್ಟರ ಚೀಲ ಹೊರೋಕೆ ಇಷ್ಟೆಲ್ಲ ಓದಬೇಕಿತ್ತಾ’ ಎಂದೇನೋ ಅಂದಿದ್ದೆಯಲ್ಲ, ನಮ್ಮ ತಂಗಿ ರಾಹೇಲ್ ಆಪರೇಷನ್ ವಾರ್ಡು ಬಿಟ್ಟು ಮಾನಸಿಕ ರೋಗಿಗಳ ನರ್ಸ್ ಆದಾಗ. ಮಾತು ಪೂರ್ತಿ ನೆನಪಿಲ್ಲ, ಅಮ್ಮಚ್ಚಿ ನಕ್ಕಿದ್ದು ನೆನಪಿದೆ. ಅದಿರಲಿ, ನೀನು ಹೇಗಿದ್ದೀಯ? ಮಸ್ಕತ್ತಿನ ಸೆಕೆ ತಗ್ಗಿತೇ? ಊಟ ಸೇರುತ್ತಿದೆಯೇ? ಎಷ್ಟೋ ದಿನದಿಂದ ನಿನ್ನ ಫೋನು ಸುಮ್ಮನೆ ಬಡಿದುಕೊಳ್ಳುತ್ತದೆ. ಕೊನೆಯ ಸಲ ಎತ್ತಿದಾಗಲೂ ‘ಎಲ್ಲ ಸರಿ ಇದೆ’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಓದುವಾಗ ಯಾರಿಗೂ ಉತ್ತರ ಹೇಳಬೇಕಾಗಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಮನೆ ತುಂಬ ಬಾತುಮೊಟ್ಟೆ, ಕಾರಣ ರಾಹೇಲ್. ಬಿಳಿ ಸಮವಸ್ತ್ರದಲ್ಲಿ ರೋಗಿಯ ಮನೆಗೆ ಹೋದರೆ ಕಾಲುವೆಯ ಎರಡೂ ದಡಕ್ಕೆ ಸುದ್ದಿಯಾಗುತ್ತದೆ, ಆಮೇಲೆ ಆ ಮನೆಯ ಹುಡುಗಿಗೆ ಗಂಡು ಬರುವುದಿಲ್ಲ. ಹಾಗಾಗಿ ಅವಳು ಹಳೆಯ ಸೀರೆಯುಟ್ಟು, ಬುಟ್ಟಿ ಹಿಡಿದು, ಮೊಟ್ಟೆ ಕೊಳ್ಳುವವಳಂತೆ ದೋಣಿ ಹತ್ತುತ್ತಾಳೆ. ಔಷಧಿ ಬುಟ್ಟಿಯ ತಳದಲ್ಲಿ, ಭತ್ತದ ಹೊಟ್ಟಿನ ಕೆಳಗೆ. ಬರುವಾಗ ಮೊಟ್ಟೆ ತರಲೇಬೇಕು. ತಿಂದು ತಿಂದು ಸಾಕಾಗಿ ಅಮ್ಮಚ್ಚಿ ಮೊನ್ನೆ ಕೇಳಿದರು, “ನಿನ್ನ ರೋಗಿಗಳಲ್ಲಿ ಮೀನು ಹಿಡಿಯೋರು ಒಬ್ಬರೂ ಇಲ್ವೇನೇ?”

ಬಾತು ಸಾಕುವ ಕರುಣನ್ ನಿನಗೆ ಗೊತ್ತು. ಹಕ್ಕಿಜ್ವರ ಬಂದು ಸರ್ಕಾರದವರು ಅವನ ಬಾತುಗಳನ್ನೆಲ್ಲ ಕೊಂದು ಸುಟ್ಟುಹಾಕಿದ ಮೇಲೆ ಒಳಗೆ ಕೂತವನು ಹೊರಗೆ ಬರಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಹೆಂಡತಿಯೇ ಹೊಸದಾಗಿ ಒಂದಿಷ್ಟು ಹಕ್ಕಿ ತಂದು ಸಾಕಿದಳು. ಕೈಕಾಲು ಕಟ್ಟಿಯಾದರೂ ಅವನನ್ನು ದೊಡ್ಡಾಸ್ಪತ್ರೆಗೆ ಸಾಗಿಸಲು ನೆಂಟರು ದೋಣಿ ಗೊತ್ತುಮಾಡಿದ್ದರು. ರಾಹೇಲ್ ತಡೆದಳು. ವಾರವಾರವೂ ಹೋಗಿ ಅವನ ಬಾಗಿಲ ಬಳಿ ಕೂತು, ಏನೂ ಕೇಳದೆ ಬಾತುಗಳನ್ನು ನೋಡಿಕೊಂಡು ಬಂದಳು. ಒಂದು ದಿನ ದಪ್ಪನೆಯ ಹಕ್ಕಿಯೊಂದನ್ನು ತೋರಿಸಿ, ಅದರ ಮೊಟ್ಟೆಯೇ ಬೇಕೆಂದು ಹೆಂಡತಿಯ ಹತ್ತಿರ ಹಟ ಹಿಡಿದಳಂತೆ. ಒಳಗಿನಿಂದ ಕರುಣನ್ ಹೇಳಿದ: “ಅದು ಗಂಡು, ಮಗಳೇ. ಕ್ರಿಸ್‌ಮಸ್ ತನಕ ಕೂತ್ರೂ ಇಡಲ್ಲ.”

ಹೆಂಡತಿಯ ಕೈಯಿಂದ ಮೊರ ಜಾರಿತು. ಗೊತ್ತಿದ್ದೇ ಕೇಳಿದೆಯಾ ಎಂದರೆ ರಾಹೇಲ್ ಬುಟ್ಟಿಯ ಮೊಟ್ಟೆ ಎಣಿಸತೊಡಗುತ್ತಾಳೆ. ಬಾತುಗಳ ನಡುವೆಯೇ ಬೆಳೆದವಳು.

ತಿಂಗಳಿಗೊಮ್ಮೆ ಬರುವ ಡಾಕ್ಟರು ಈಗ ಔಷಧಿ ಬರೆಯುವ ಮೊದಲು ಅವಳ ಮುಖ ನೋಡುತ್ತಾರೆ: “ನೀವೇನಂತೀರಿ ಸಿಸ್ಟರ್, ಕಡಿಮೆ ಮಾಡೋಣವಾ?” ಕರುಣನ್ ಮತ್ತೆ ಬಾತುಗಳನ್ನು ಗದ್ದೆಗೆ ಇಳಿಸಿದ್ದಾನೆ. ನಮ್ಮ ಮನೆಯ ಮುಂದೆ ಹಾದುಹೋಗುವಾಗ “ನಮ್ಮ ಸಿಸ್ಟರ್ ಇದಾರಾ?” ಎಂದು ದೋಣಿಯಿಂದಲೇ ಎರಡೂ ದಡಕ್ಕೆ ಕೇಳಿಸುವಂತೆ ಕೂಗುತ್ತಾನೆ. ಅವಳು ಇಷ್ಟು ದಿನ ಬುಟ್ಟಿಯಲ್ಲಿ ಮುಚ್ಚಿಟ್ಟದ್ದನ್ನು ಅವನೇ ಬಯಲು ಮಾಡಿದ. ಹೆಮ್ಮೆ ತೋರಿಸಿಕೊಳ್ಳುವವನು ನಾನಲ್ಲ. ಆದರೂ ಆ ಕೂಗು ಕೇಳಿದಾಗ ಅಂಗಳಕ್ಕೆ ಬಂದು ನಿಲ್ಲುತ್ತೇನೆ, ಅವಳು ಮನೆಯಲ್ಲಿಲ್ಲದಿದ್ದರೂ.

ಅಮ್ಮಚ್ಚಿ ಸಂಜೆಯ ಪ್ರಾರ್ಥನೆಯಲ್ಲಿ ನಿನ್ನ ಹೆಸರನ್ನು ಎಲ್ಲರಿಗಿಂತ ಮೊದಲು ಹೇಳುತ್ತಾರೆ.

ನಿನ್ನ ಅಣ್ಣ,
ಚಾಂಡಿ

ತಾ.ಕ.: ಅಂಚೆಯ ದೋಣಿ ಬಂತು. ಶುಕ್ರವಾರ ರಾಹೇಲ್ ನಿನಗೆ ಫೋನ್ ಮಾಡುತ್ತಾಳೆ. ಮಸ್ಕತ್ತಿನಲ್ಲಿ ಬಾತುಮೊಟ್ಟೆ ಸಿಗುತ್ತದೆಯೇ ಎಂದು ಶುರುಮಾಡಿದರೂ ಮಾಡಿಯಾಳು. ಅವಳು ಕೇಳುತ್ತಿರುವುದು ಮೊಟ್ಟೆಯನ್ನಲ್ಲ ಎಂದು ನಿನಗೀಗ ಗೊತ್ತು. ಗೊತ್ತಿದ್ದೂ ಎತ್ತುತ್ತೀಯಲ್ಲ, ಈಪ್ಪನ್?