ಧ್ವನಿವರ್ಧಕಕ್ಕೆ ಅನುಮತಿ ಕೊಟ್ಟು ತಾವೇ ಹಾಡಿದ ಅಧಿಕಾರಿಗಳಿಗೆ

ಮಾನ್ಯರೇ,

ತಮ್ಮಿಂದಾಗಿ ನನ್ನ ಹೆಂಡತಿ ನನ್ನನ್ನು ಹುಚ್ಚನೆಂದು ತೀರ್ಮಾನಿಸಿದ್ದಾಳೆ. ಮದುವೆಯಾದಾಗಿನಿಂದಲೂ ಆಕೆಗೆ ಈ ಅನುಮಾನ ಇದ್ದೇ ಇತ್ತು; ಸಾಕ್ಷಿ ಮಾತ್ರ ಸಿಕ್ಕಿರಲಿಲ್ಲ. ಕಳೆದ ಶನಿವಾರ ಸಂಜೆ ಜಯನಗರದ ನಮ್ಮ ಬಡಾವಣೆಯ ಗಣೇಶೋತ್ಸವದ ವೇದಿಕೆ ಹತ್ತಿ, ಒಂದಲ್ಲ ಎರಡಲ್ಲ, ನಾಲ್ಕು ಹಾಡು ಹಾಡಿ ತಾವು ಆ ಸಾಕ್ಷಿಯನ್ನು ಒದಗಿಸಿಕೊಟ್ಟಿರಿ. ಊರಿಗೆಲ್ಲ ಧ್ವನಿವರ್ಧಕದ ಅನುಮತಿ ಕೊಡುವ ಕುರ್ಚಿಯಲ್ಲಿ ಕೂತವರು ತಾವು. ತಮಗೆ ಹಾಡಲು ಅನುಮತಿ ಕೊಟ್ಟವರು ಯಾರು? ಇದನ್ನು ತಿಳಿಯುವ ಹಕ್ಕು ತೆರಿಗೆ ಕಟ್ಟುವ ಒಬ್ಬ ವ್ಯಾಪಾರಿಗೆ ಇದೆಯೆಂದು ಭಾವಿಸಿ, ಈ ಪತ್ರವನ್ನು ತಮ್ಮ ವಿಳಾಸಕ್ಕೆ ಹಾಕದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ತಮ್ಮ ವಿಳಾಸಕ್ಕೆ ಹಾಕಿದ ಕಾಗದಗಳ ಗತಿ ಏನಾಗುತ್ತದೆಂದು ಬಲ್ಲೆ.

ನಾನು ನಾಲ್ಕನೇ ಬ್ಲಾಕಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡವನು. ಕುಡಿತವಿಲ್ಲ, ಇಸ್ಪೀಟಿಲ್ಲ, ರೇಸ್ ಕೋರ್ಸಿನ ಗೇಟು ಯಾವ ದಿಕ್ಕಿಗಿದೆಯೆಂದೂ ಗೊತ್ತಿಲ್ಲ. ಇರುವುದು ಒಂದೇ ಚಟ, ಸಂಪಿಗೆ ವಾದ್ಯವೃಂದ. ಇವರ ಆರ್ಕೆಸ್ಟ್ರಾ ಚಾಮರಾಜಪೇಟೆಯಲ್ಲಿರಲಿ, ಯಡಿಯೂರಿನಲ್ಲಿರಲಿ, ಬಿಟಿಎಸ್ ಬಸ್ಸು ಸಿಕ್ಕರೆ ಬಸ್ಸಿನಲ್ಲಿ, ಸಿಗದಿದ್ದರೆ ನಡೆದುಕೊಂಡು ಹೋಗುತ್ತೇನೆ. ಅಲ್ಲಿ ಹಾಡುವವರೆಲ್ಲ ಚೆನ್ನಾಗಿಯೇ ಹಾಡುತ್ತಾರೆ. ಆದರೆ ನಾನು ಹೋಗುವುದು ಅಕಾರ್ಡಿಯನ್ ನುಡಿಸುವ ವೆಂಕಟಾಚಲ ಅವರಿಗಾಗಿ. ಹಗಲೆಲ್ಲ ಬ್ಯಾಂಕಿನಲ್ಲಿ ಗುಮಾಸ್ತೆ. ಸಂಜೆ ಆ ಪೆಟ್ಟಿಗೆಯನ್ನು ಎದೆಗೇರಿಸಿಕೊಂಡರೆ ಬೇರೆಯೇ ಮನುಷ್ಯ.

ಕಾರ್ಯಕ್ರಮ ಮುಗಿಯಿತೆಂದರೆ ಬೇರೆ ಆರ್ಕೆಸ್ಟ್ರಾದವರು ವಂದನೆ ಹೇಳಿ ವೈರು ಸುತ್ತತೊಡಗುತ್ತಾರೆ. ಸಂಪಿಗೆಯವರ ಪದ್ಧತಿ ಹಾಗಲ್ಲ. ಹಾಡುಗಳೆಲ್ಲ ಆದ ಮೇಲೆ ವೆಂಕಟಾಚಲ ಮುಂದೆ ಬಂದು, ತಾವೇ ಕಟ್ಟಿದ ಒಂದು ಧಾಟಿಯನ್ನು ಎತ್ತಿಕೊಳ್ಳುತ್ತಾರೆ. ತಬಲ, ಢೋಲಕ್ ಹಿಂದೆ ಸೇರಿಕೊಳ್ಳುತ್ತವೆ. ಅದಕ್ಕೆ ಸಾಹಿತ್ಯವಿಲ್ಲ, ಹೆಸರೂ ಇಲ್ಲ. ನಾವೆಲ್ಲ ಕಡೆಯ ಹಾಡು ಎನ್ನುತ್ತೇವೆ. ಜನ ಚಾಪೆ ಸುತ್ತಿ, ನಿದ್ದೆ ಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ. ಮೈದಾನದಿಂದ ಕೊನೆಯವನು ಹೊರಗೆ ಹೋಗುವ ತನಕ ಅವರು ನುಡಿಸುತ್ತಲೇ ಇರುತ್ತಾರೆ. ಆ ಕೊನೆಯವನು ಸಾಮಾನ್ಯವಾಗಿ ನಾನೇ. ಒಮ್ಮೆ ಅವರು ನುಡಿಸುತ್ತಲೇ ನನ್ನ ಕಡೆ ನೋಡಿ, ಇನ್ನಾದರೂ ಹೊರಡಿ ಸ್ವಾಮಿ ಎಂಬಂತೆ ತಲೆಯಾಡಿಸಿದ್ದೂ ಉಂಟು. ಮನೆ ತಲುಪುವವರೆಗೂ ಅದು ಕಿವಿಯಲ್ಲಿರುತ್ತದೆ. ನನಗೆ ಅದಕ್ಕಿಂತ ದೊಡ್ಡ ಸುಖವಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ನನ್ನ ಹೆಂಡತಿ ಗಿರಿಜಾದೇವಿ ಇದನ್ನು ಒಂದು ದಿನವೂ ಕೇಳಿದವಳಲ್ಲ. ಆರ್ಕೆಸ್ಟ್ರಾ ಎಂದರೆ ಗದ್ದಲ ಎಂಬುದು ಅವಳ ಮತ. ಆ ಧಾಟಿಯನ್ನು ನಾನು ಬಚ್ಚಲುಮನೆಯಲ್ಲಿ ಶಿಳ್ಳೆ ಹಾಕುವುದನ್ನಷ್ಟೇ ಆಕೆ ಕೇಳಿರುವುದು; ಒಲೆಯ ಮೇಲಿನ ಹಾಲು ಒಡೆಯದೆ ಉಳಿದದ್ದೇ ಪುಣ್ಯ ಎನ್ನುತ್ತಾಳೆ. ಈ ಸಲ ನಾನು ಬಿಡಲಿಲ್ಲ. ಏಕೆಂದರೆ ವೆಂಕಟಾಚಲ ಅವರಿಗೆ ಬೀದರಿಗೆ ವರ್ಗವಾಗಿದೆ, ಬರುವ ಭಾನುವಾರ ರೈಲು ಹತ್ತುತ್ತಾರೆ. ಹಬ್ಬದ ಆ ಶನಿವಾರವೇ ಅವರ ಕೊನೆಯ ಕಾರ್ಯಕ್ರಮ. ಒಂದೇ ಒಂದು ಸಲ ಬಾ, ಕಡೆಯ ಹಾಡು ಕೇಳು, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು ಎಂದು ಗೋಗರೆದೆ. ಪಾಪ, ಆಕೆ ಒಳ್ಳೆಯ ಸೀರೆ ಉಟ್ಟು, ಕಂಕುಳಲ್ಲಿ ಚಾಪೆ, ಚೀಲದಲ್ಲಿ ಚಕ್ಕುಲಿ ಇಟ್ಟುಕೊಂಡು ಬಂದಳು.

ಹೊತ್ತು ಮುಳುಗುವಾಗ ಶುರುವಾಗಬೇಕಿದ್ದ ಕಾರ್ಯಕ್ರಮ ತಮಗಾಗಿ ಕಾಯಿತು. ಮುಖ್ಯ ಅತಿಥಿ ಬಾರದೆ ದೀಪ ಹಚ್ಚುವಂತಿಲ್ಲ, ದೀಪ ಹಚ್ಚದೆ ಹಾಡುವಂತಿಲ್ಲ. ಇದು ಸಂವಿಧಾನದಲ್ಲಿ ಇಲ್ಲದಿದ್ದರೂ ಸಂವಿಧಾನಕ್ಕಿಂತ ಗಟ್ಟಿಯಾಗಿ ನಮ್ಮಲ್ಲಿ ಪಾಲನೆಯಾಗುತ್ತದೆ. ಅಂತೂ ತಾವು ಬಂದಿರಿ. ಹಾರ ಹಾಕಿಸಿಕೊಂಡಿರಿ, ಶಾಲು ಹೊದ್ದಿರಿ. ಧ್ವನಿವರ್ಧಕಗಳ ಹಾವಳಿಯಿಂದ ನಾಗರಿಕರ ನೆಮ್ಮದಿ ಹಾಳಾಗುತ್ತಿರುವುದರ ಬಗ್ಗೆ, ನಾಲ್ಕು ದಿಕ್ಕಿಗೆ ಕಟ್ಟಿದ್ದ ನಾಲ್ಕು ಧ್ವನಿವರ್ಧಕಗಳಲ್ಲಿ ದೀರ್ಘವಾಗಿ ಮಾತನಾಡಿದಿರಿ. ಅದನ್ನೂ ಸಹಿಸಿದೆವು. ಆಮೇಲೆ ಉತ್ಸವ ಸಮಿತಿಯ ಕಾರ್ಯದರ್ಶಿ ಪಿಳ್ಳಣ್ಣ ಅವರು, ಮುಂದಿನ ವರ್ಷದ ಅನುಮತಿಯನ್ನು ಈಗಿನಿಂದಲೇ ಕಣ್ಣಮುಂದೆ ಇಟ್ಟುಕೊಂಡು, ಸಾಹೇಬರು ಒಂದು ಹಾಡು ಹಾಡಬೇಕೆಂದು ಎಲ್ಲರ ಆಸೆ ಎಂದುಬಿಟ್ಟರು. ಯಾರ ಆಸೆ? ನಾನು ಅಕ್ಕಪಕ್ಕದ ಚಾಪೆಗಳಲ್ಲಿ ವಿಚಾರಿಸಿದೆ, ಯಾರಿಗೂ ಇರಲಿಲ್ಲ. ತಾವು ಬೇಡ ಬೇಡ ಎನ್ನುತ್ತಲೇ ಎದ್ದಿರಿ. ಎದ್ದವರ ಜೇಬಿನಿಂದ ಹಾಡು ಬರೆದ ಹಾಳೆಗಳು ಹೊರಗೆ ಬಂದವು. ಬೇಡ ಎನ್ನುವವರು ಬರೆದುಕೊಂಡು ಬರುತ್ತಾರೆಯೇ, ಮಾನ್ಯರೇ?

ತಮ್ಮ ಗಾಯನದ ಬಗ್ಗೆ ನಿಜ ಹೇಳುವವರು ತಮ್ಮ ಕಚೇರಿಯಲ್ಲಿ ಇರಲಾರರು. ಆದ್ದರಿಂದ ಆ ಕರ್ತವ್ಯ ನನ್ನ ಪಾಲಿಗೆ ಬಂದಿದೆ. ತಾವು ಪಲ್ಲವಿಯನ್ನು ಒಂದು ಶ್ರುತಿಯಲ್ಲಿ ಎತ್ತಿಕೊಂಡಿರಿ, ಚರಣಕ್ಕೆ ಬರುವಷ್ಟರಲ್ಲಿ ಇನ್ನೊಂದಕ್ಕೆ ಜಾರಿದಿರಿ, ಅಲ್ಲಿಯೂ ನಿಲ್ಲಲಿಲ್ಲ. ತಾವು ಇಳಿದಾಗ ವೆಂಕಟಾಚಲ ಅವರೂ ಇಳಿದರು, ಏರಿದಾಗ ಏರಿದರು, ತಾಳ ತಪ್ಪಿದಲ್ಲೆಲ್ಲ ಸ್ವರ ತುಂಬಿ ಮರ್ಯಾದೆ ಕಾಪಾಡಿದರು. ಸೈಕಲ್ ಕಲಿಯುವ ಮಗನ ಸೀಟು ಹಿಡಿದುಕೊಂಡು ಹಿಂದೆ ಓಡುವ ಅಪ್ಪನ ಹಾಗೆ ಕಂಡರು. ತಮಗೋ, ಸೈಕಲ್ಲನ್ನು ತಾವೇ ತುಳಿದೆವೆಂಬ ಹೆಮ್ಮೆ.

ಹಾಡು ಮುಗಿದಾಗ ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ ಕಾಲೇಜು ಹುಡುಗರು ಒನ್ಸ್ ಮೋರ್ ಎಂದು ಕೂಗಿದರು. ಕೂಗುತ್ತಾ ಒಬ್ಬರ ಬೆನ್ನು ಒಬ್ಬರು ಗುದ್ದಿ ನಗುತ್ತಿದ್ದರು. ಅದು ಗೇಲಿಯೆಂದು ಮೊಲೆಹಾಲು ಕುಡಿಯುವ ಕೂಸಿಗೂ ತಿಳಿಯುವಂತಿತ್ತು. ತಾವು ಮಾತ್ರ ಕೈಮುಗಿದು, ಅಭಿಮಾನಿಗಳ ಅಪ್ಪಣೆ ಮೀರಲಾರೆ ಎಂದು ಎರಡನೆಯದಕ್ಕೆ ಹೊರಟಿರಿ. ಹುಡುಗರು ಗಾಬರಿಯಾದರು. ಮೂರನೆಯದಕ್ಕೆ ಅವರು ಗೋಡೆ ಹಾರಿ ಮನೆಗೆ ಹೋದರು. ನಾಲ್ಕನೆಯದನ್ನು ತಾವು ಯಾರ ಅಪ್ಪಣೆಯೂ ಇಲ್ಲದೆ ಹಾಡಿದಿರಿ.

ಉಳಿದ ಹೊತ್ತಿನಲ್ಲಿ ಸಂಪಿಗೆಯವರು ಓಡುತ್ತಾ ಬಸ್ಸು ಹತ್ತುವವರ ಹಾಗೆ ಒಂದಷ್ಟು ಹಾಡು ಮುಗಿಸಿದರು. ಕೊನೆಗೆ ವೆಂಕಟಾಚಲ ಮುಂದೆ ಬಂದು ಹೆಗಲಿನ ಪಟ್ಟಿ ಸರಿಮಾಡಿಕೊಂಡರು. ನಾನು ಗಿರಿಜೆಯ ಮೊಣಕೈ ತಟ್ಟಿ, ಇದೇ ನೋಡು ಎಂದೆ. ಆಗ ತಾವು ಸೋಫಾದಿಂದ ಎದ್ದು, ಗಡಿಯಾರ ನೋಡಿ, ಮೈಕಿನವನಿಗೆ ಹೇಳಿದ್ದು ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು.

"ಹತ್ತು ಗಂಟೆ ಆಯ್ತು, ನಿಲ್ಸಯ್ಯ. ರೂಲ್ಸ್ ಅಂದ್ರೆ ರೂಲ್ಸು, ಯಾರಿಗಾದ್ರೂ ಒಂದೇ."

ಪಿಳ್ಳಣ್ಣ ಅವರು ಐದೇ ನಿಮಿಷ ಕೊಡಿ ಎಂದು ಕೇಳಿದರು. ಹಾಗಾದರೆ ಮುಂದಿನ ವರ್ಷ ಯೋಚನೆ ಮಾಡಬೇಕಾಗುತ್ತದೆ ಎಂದಿರಿ. ಮೈಕಿಲ್ಲದೆಯೇ ನುಡಿಸುತ್ತೇನೆಂದು ವೆಂಕಟಾಚಲ ಅವರು ಹೇಳಿದರಂತೆ. ಸಾಹೇಬರು ಇರುವಾಗ ಬೇಡವೆಂದು ಪಿಳ್ಳಣ್ಣ ಅವರೇ ಕೈಮುಗಿದರಂತೆ. ಅಕಾರ್ಡಿಯನ್ ಪೆಟ್ಟಿಗೆ ಸೇರಿತು. ಜನ ಚಾಪೆ ಕೊಡವಿಕೊಂಡು ಎದ್ದುಹೋದರು. ಮರುದಿನ ನಾನು ವೆಂಕಟಾಚಲ ಅವರ ಮನೆಗೆ ಹೋಗಿ ತಮ್ಮನ್ನು ಬಾಯಿಗೆ ಬಂದಂತೆ ಬೈದೆ. ಅವರು ಬೈಯಲಿಲ್ಲ.

"ಬಿಡಿ ಸಾರ್, ಅವರಿಗೆ ಹಾಡೋ ಆಸೆ ಇತ್ತು, ಹಾಡಿದ್ರು," ಎಂದರು. "ಜನ ಹಂಗೆ ಸುಮ್ನೆ ಎದ್ದು ಹೋಗ್ತಿದ್ರಲ್ಲ, ಅದು ಮಾತ್ರ ನೋಡೋಕಾಗ್ಲಿಲ್ಲ."

ಆ ಶನಿವಾರ ರಾತ್ರಿ ಗಿರಿಜೆ ಚಾಪೆ ಸುತ್ತಿಕೊಂಡು ನನ್ನ ಜೊತೆ ನಮ್ಮ ಕ್ರಾಸಿನ ತನಕ ನಡೆದು ಬಂದಳು. ಆಮೇಲೆ ಮೆಲ್ಲಗೆ, "ಏನ್ರೀ, ಇದಕ್ಕೇನಾ ನೀವು ಇಷ್ಟು ವರ್ಷ ಓಡಾಡಿದ್ದು?" ಎಂದಳು. ಇದಲ್ಲ, ಇದಲ್ಲವೇ ಅಲ್ಲ ಎಂದು ರಸ್ತೆಯಲ್ಲೇ ನಿಂತು ವಿವರಿಸಿದೆ. ಆಯಿತು, ಆಯಿತು ಎಂದು ಮಗುವನ್ನು ಸಮಾಧಾನ ಮಾಡುವಂತೆ ನನ್ನ ತೋಳು ಹಿಡಿದುಕೊಂಡಳು. ಗೇಲಿ ಮಾಡಿದ್ದರೆ ಸಹಿಸುತ್ತಿದ್ದೆ. ಅವಳು ಮರುಕಪಟ್ಟಳು. ಗಂಡನೆಂಬ ಪ್ರಾಣಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದು? ನನ್ನ ಬಾಳಿನ ಒಂದೇ ಸಂತೋಷದ ಜಾಗದಲ್ಲಿ, ಅವಳ ಮನಸ್ಸಿನೊಳಗೆ, ಈಗ ತಾವು ನಿಂತು ಹಾಡುತ್ತಿದ್ದೀರಿ.

ನಿಯಮವೇ ಬೇಡವೆಂದು ನಾನು ವಾದಿಸುತ್ತಿಲ್ಲ. ಬೆಳಗಿನ ಪಾಳಿಗೆ ಹೋಗುವವರಿದ್ದಾರೆ, ಓದುವ ಮಕ್ಕಳಿದ್ದಾರೆ, ಕಾಯಿಲೆಯವರಿದ್ದಾರೆ. ಹತ್ತು ಗಂಟೆ ನ್ಯಾಯವಾದದ್ದೇ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ನಮ್ಮ ಸಂಜೆಯನ್ನೆಲ್ಲ ಮೇಯ್ದು ಮುಗಿಸಿ, ಬರಿಯ ಗಡಿಯಾರವನ್ನು ನಮಗೆ ತೋರಿಸುವುದು ಯಾವ ಕಾನೂನಿನ ಯಾವ ಕಲಮು?

ಸೋಮವಾರ ನಾನೇ ತಮ್ಮ ಕಚೇರಿಗೆ ಬಂದೆ. ವೆಂಕಟಾಚಲ ಅವರಿಗೆ ಈ ಶನಿವಾರ ಸಂಜೆ ಅದೇ ಮೈದಾನದಲ್ಲಿ ಬೀಳ್ಕೊಡುಗೆ, ಧ್ವನಿವರ್ಧಕಕ್ಕೆ ಅನುಮತಿ ಬೇಕು ಎಂದು ಅರ್ಜಿ ಕೊಟ್ಟೆ. ತಮ್ಮ ಗುಮಾಸ್ತೆ ಬೋರಣ್ಣ ಅವರು ನಗುನಗುತ್ತಲೇ ತೆಗೆದುಕೊಂಡರು. ಬುಧವಾರ ಮತ್ತೆ ಹೋದಾಗ ಇನ್ನೂ ನಗುತ್ತಿದ್ದರು.

"ಆದಂಗೇ ಸಾರ್. ಸಾಹೇಬ್ರು ಓದಿ ಖುಷಿಯಾಗ್ಬಿಟ್ರು, ನಾಳೆ ಸೈನ್ ಮಾಡ್ತಾರೆ. ಅವರು ಹಾಡೋಕ್ಕೆ ಎಷ್ಟು ಹಾಡು ಇಟ್ಟಿದೀರ ಅಂತ ಕೇಳೋಕ್ಕೆ ಹೇಳಿದಾರೆ."

ಆದಕಾರಣ ನನ್ನ ಬೇಡಿಕೆ ಇಷ್ಟು. ಇಂಥದ್ದು ತಮ್ಮ ಕಚೇರಿಗೆ ಹಿಂದೆಂದೂ ಬಂದಿರಲಾರದು. ದಯವಿಟ್ಟು ನನ್ನ ಅರ್ಜಿಯನ್ನು ತಿರಸ್ಕರಿಸಿ. ಧ್ವನಿವರ್ಧಕಕ್ಕೆ ತಮ್ಮ ಸಹಿ ಬೇಕೇ ಹೊರತು ಬರಿಯ ಅಕಾರ್ಡಿಯನ್ನಿಗೂ ತಬಲಕ್ಕೂ ಬೇಕಿಲ್ಲವೆಂದು ಬೋರಣ್ಣ ಅವರಿಂದಲೇ ಖಚಿತಪಡಿಸಿಕೊಂಡಿದ್ದೇನೆ. ಮೈಕಿಲ್ಲ, ವೇದಿಕೆಯಿಲ್ಲ, ಶಾಲಿಲ್ಲ, ಸೋಫಾ ಇಲ್ಲ. ಹತ್ತಿರ ಬಂದು ಕೂತವರಿಗೆ ಕೇಳಿಸುತ್ತದೆ, ಅಷ್ಟು ಸಾಕು. ವೆಂಕಟಾಚಲ ಒಪ್ಪಿದ್ದಾರೆ. ಗಿರಿಜೆಯನ್ನು ಒಪ್ಪಿಸಲು ಮೂರು ದಿನ ಹಿಡಿಯಿತು. ಕಡೆಗೆ, "ನಿಮಗೋಸ್ಕರ ಬರ್ತೀನಿ. ಆ ಸಾಹೇಬ್ರು ಬಂದ್ರೆ ಮಾತ್ರ ಎದ್ದು ಬಂದ್ಬಿಡ್ತೀನಿ," ಎಂದಿದ್ದಾಳೆ. ಆದ್ದರಿಂದ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಇಲ್ಲ ಎಂದು ಬರೆದು, ಶನಿವಾರ ಸಂಜೆ ತಾವು ದಯಮಾಡಿ ಮನೆಯಲ್ಲೇ ಇರಬೇಕು.

ಇಂತಿ,
ತಮ್ಮ ತಿರಸ್ಕಾರವನ್ನು ಕೈಮುಗಿದು ಎದುರುನೋಡುತ್ತಿರುವ,
ಗುರುಬಸಪ್ಪ, ಪಾತ್ರೆ ವ್ಯಾಪಾರಿ
ಜಯನಗರ, ಸೆಪ್ಟೆಂಬರ್ ೧೯೮೫