ಸುಂಕದ ಕಟ್ಟೆಯಲ್ಲಿ ನಿಂತ ಡಬ್ಬಿ

ಬೆಟಗೇರಿ
12 ನವೆಂಬರ್ 2025, ಬುಧವಾರ

ಚಿ. ವಿದ್ಯಾಶ್ರೀಗೆ ಅಪ್ಪನ ಮನಸಾರೆ ಆಶೀರ್ವಾದ.

"ಇತ್ತ ಎಲ್ಲರೂ ಕ್ಷೇಮ" ಎಂದು ಬರೆಯಲು ಹೋದೆ, ಪೆನ್ನು ಒಪ್ಪಲಿಲ್ಲ. ಇತ್ತ ಎಲ್ಲರೂ ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇವೆ. ಇಷ್ಟು ಬರೆದರೆ ಸುಳ್ಳಾಗುವುದಿಲ್ಲ. ಪತ್ರ ತಡವಾಯಿತು, ಬೇಜಾರಾಗಬೇಡ. ನೀನು ಲಕ್ಷ್ಮೇಶ್ವರದ ಅತ್ತೆಯ ಮನೆಗೆ ಹೋಗಿ ಫೋನು ಬಂದ್ ಮಾಡಿಕೊಂಡು ಕೂತ ಮೇಲೆ ಮೂರು ಸಲ ಬರೆದೆ, ಮೂರು ಸಲ ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು, ಸರಕಾರಕ್ಕೆ. ಎರಡನೆಯದರಲ್ಲಿ ಬರೀ ಅಳು. ಮೂರನೆಯದು ಸಾಲು ಸಾಲಿಗೂ ಪ್ರಾಸ ಕೂಡಿಕೊಂಡು ಬಂತು. ಇಂಥ ಹೊತ್ತಿನಲ್ಲೂ ಪ್ರಾಸ ಬರುತ್ತದಲ್ಲ ಎಂದು ನನಗೇ ಹೇಸಿಗೆಯಾಯಿತು. ನಿಮ್ಮವ್ವ ಹಿಂದೆ ನಿಂತು ಓದಿ ಅಂದಳು: "ಲಗ್ನಪತ್ರಿಕಿ ಬರದಂಗ ಬರೀಬ್ಯಾಡ್ರಿ. ಮಗಳಿಗೆ ಬರದಂಗ ಬರೀರಿ." ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ಕೂತು ಮಂದಿಯ ಮದುವೆಗೆ, ತೊಟ್ಟಿಲಿಗೆ ಪದ್ಯ ಹೊಸೆದ ಕೈ ಇದು. ಬುದ್ಧಿ ಹೇಳಿದ ಕೂಡಲೇ ಬಿಡುತ್ತದೆಯೇ?

ಮುಖ್ಯ ಮಾತು ಮೊದಲು. ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಯಾದ ಮೇಲೆ ನಿನ್ನ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿತಲ್ಲ, ನನ್ನ ನಾಲಿಗೆಗೆ ಹೊರಳದ ಹೆಸರಿನ ಆ ಔಷಧಿ, ಅದು ನಿನ್ನ ಹೊಟ್ಟೆಗೆ ಹೇಗೆ ಹೋಯಿತೆಂಬುದು ಗೊತ್ತಾಗಿದೆ. ನೋಟೀಸು ಕಳಿಸಿದ ದಿಲ್ಲಿಯ ಡೋಪ್ ಪರೀಕ್ಷೆಯವರಿಗೆ ಉತ್ತರ ಕೊಡಲು ಇನ್ನೂ ಅವಧಿ ಇದೆ. ಎಲ್ಲಿಂದ ಬಂತೆಂದು ಪುರಾವೆಯೊಡನೆ ತೋರಿಸಿದರೆ ಶಿಕ್ಷೆ ಬಹಳ ಇಳಿಯಬಹುದು, ಸುಮ್ಮನಿದ್ದರೆ ವರ್ಷಗಟ್ಟಲೆ ಸ್ಪರ್ಧೆಗೆ ಇಳಿಯುವಂತಿಲ್ಲ ಎಂದು ಧಾರವಾಡದ ವಕೀಲರು ಹೇಳಿದ್ದಾರೆ. ನೀನು ಅತ್ತೆಗೆ "ನಾ ಉತ್ತರ ಕೊಡಾಂಗಿಲ್ಲ, ಸೈಕಲ್ ಮಾರಿಬಿಡ್ರಿ" ಅಂದೆಯಂತೆ. ಆ ಮಾತನ್ನು ಈ ಪತ್ರ ಓದಿ ಮುಗಿಯುವ ತನಕ ಬದಿಗಿಡು.

ನಿನಗೆ ನೆನಪಿರಬೇಕು, ನೀನು ಕುಡಿಯುವ ಆ ಪ್ರೋಟೀನ್ ಡಬ್ಬಿಯನ್ನು ಹೊರದೇಶದಿಂದ ತರಿಸುವುದು ಶೋಕಿಗಲ್ಲ. ನಿಮ್ಮ ಕೋಚ್ ಮಾಳಿಂಗರಾಯ ಸರ್ ಮೊದಲೇ ಎಚ್ಚರಿಸಿದ್ದರು: "ಮೌನೇಶಣ್ಣ, ಪ್ಯಾಟ್ಯಾಗ ಸಿಗೋ ಪುಡಿಯಾಗ ಯಾರು ಏನು ಬೆರಸ್ತಾರ ದೇವರಿಗೂ ಗೊತ್ತಿಲ್ಲ. ಇದರ ಒಂದೊಂದು ಲಾಟೂ ಪರೀಕ್ಷಾ ಆಗಿ ಬಂದಿರ್ತೈತಿ. ಹುಡುಗಿ ಮೈಗೂ ಒಗ್ಗೇತಿ. ಬದಲ ಮಾಡಬ್ಯಾಡ್ರಿ." ಸರಿ, ಆನ್‌ಲೈನಿನಲ್ಲಿ ಅದನ್ನೇ ತರಿಸತೊಡಗಿದೆವು. ಸ್ಪರ್ಧೆಗೆ ತಿಂಗಳಿರುವಾಗ ಹಳೆಯ ಡಬ್ಬಿಯ ತಳ ಕಾಣತೊಡಗಿತು, ಹೊಸದು ಮುಂಬಯಿಗೆ ಬಂದು ನಿಂತುಬಿಟ್ಟಿತು.

ಕೊರಿಯರ್ ಕಂಪನಿಯಿಂದ ಫೋನು. ಕನ್ನಡಕ್ಕೆ ಒಂದು ಒತ್ತಿ ಎಂದಿತು ಯಂತ್ರ, ಒತ್ತಿದೆ, ಒಬ್ಬ ಹೆಣ್ಣುಮಗಳ ಹಿಂದಿ ಬಂತು. ನನ್ನ ಹಿಂದಿ ನಿನಗೆ ಗೊತ್ತಲ್ಲ. ಅಂತೂ ತಿಳಿದದ್ದು ಇಷ್ಟು: ಹೊಸ ದರ ಬಂದಿದೆ, ಸುಂಕ ಕಟ್ಟಿದರೆ ಮಾತ್ರ ಡಬ್ಬಿ ಮುಂದಕ್ಕೆ ಹೊರಡುತ್ತದೆ. ಎಷ್ಟವ್ವ ಅಂದೆ. ಡಬ್ಬಿಯ ಅರ್ಧ ಬೆಲೆಯಷ್ಟು! ಡಬ್ಬಿಗೆ ಸುಂಕ, ಅದನ್ನು ಹೊತ್ತು ತಂದ ವಿಮಾನದ ಬಾಡಿಗೆಗೆ ಸುಂಕ, ಆ ಸುಂಕಕ್ಕೊಂದು ಸೆಸ್ಸು, ಎಲ್ಲ ಕೂಡಿಸಿದ್ದರ ಮೇಲೆ ಇನ್ನೊಂದು ಟ್ಯಾಕ್ಸು, ಇದನ್ನೆಲ್ಲ ನಮ್ಮ ಪರವಾಗಿ ಕಟ್ಟಿಕೊಡುವ ಉಪಕಾರಕ್ಕೆ ಕಂಪನಿಯದೊಂದು ಫೀಸು, ಕಟ್ಟುವ ತನಕ ಗೋದಾಮಿನಲ್ಲಿ ಕೂತ ಬಾಡಿಗೆ. ನಾನೂ ಬಿ.ಎ. ಮಾಡಿದವನು. ಅರ್ಥಶಾಸ್ತ್ರದ ಪೇಪರಿನಲ್ಲಿ ತೆರಿಗೆಯೆಂಬುದು ಪ್ರಜೆಗಳ ಹಿತಕ್ಕೆ ಎಂದು ಬರೆದು ಪಾಸಾದವನು. ಆ ಅಂಕ ವಾಪಸು ಕೊಟ್ಟುಬಿಡೋಣ ಅನ್ನಿಸಿತು.

"ನನ್ನ ಮಗಳು ದೇಶಕ್ಕ ಸೈಕಲ್ ಹೊಡೀತಾಳ್ರಿ. ಇದು ಅಕೀ ಊಟ" ಅಂದೆ.

"ಸರ್, ಫುಡ್ ಸಪ್ಲಿಮೆಂಟ್ ಅಂತ ಐತಿ" ಅಂದಳು ತನ್ನ ಹಿಂದಿಯಲ್ಲಿ. ಊಟವೂ ಅಲ್ಲ, ಔಷಧಿಯೂ ಅಲ್ಲ. ಹಸಿದವರಿಗೆ ಕೊಡುವ ರಿಯಾಯಿತಿಯೂ ಇಲ್ಲ, ರೋಗಿಗಳದೂ ಇಲ್ಲ. ಸೆಂಟಿನ ಬಾಟಲಿ ತರಿಸುವ ಶೋಕಿಲಾಲರ ಸಾಲಿನಲ್ಲಿ ನಿಲ್ಲಿಸಿದರು ನಿನ್ನನ್ನು, ಬೆಳಗಿನ ಐದಕ್ಕೆ ಎದ್ದು ಮುಂಡರಗಿ ರಸ್ತೆ ತುಳಿಯುವವಳನ್ನು. ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಅವರ ಕಾಲದ ಸುಂಕದವನು ಕಟ್ಟೆಯ ಮೇಲೆ ಕಣ್ಣಿಗೆ ಕಾಣುವಂತೆ ಕೂತಿರುತ್ತಿದ್ದ, ಬೈದರೆ ಕೇಳಿಸುತ್ತಿತ್ತು.

ಅವತ್ತು ಸಂಜೆ ಕುಬೇರಪ್ಪನ ಚಹಾದಂಗಡಿಯಲ್ಲಿ ನಾನು ಹೊಸೆದ ಪದ್ಯ ಓಣಿಗೆಲ್ಲ ಹಬ್ಬಿತು:

ಡ್ಯೂಟಿ ಮೇಲೆ ಸೆಸ್ಸು, ಸೆಸ್ಸಿನ ಮೇಲೆ ಟ್ಯಾಕ್ಸು,
ಕೈಗೆ ಬರೂ ಹೊತ್ತಿಗೆ ಉಳಿದದ್ದು ಬರೀ ಬಾಕ್ಸು!

ಮಂದಿ ನಕ್ಕರು. ಕುಬೇರಪ್ಪ, "ಏನ್ ಹೆಸರಿಟ್ಟಾರಪಾ ನಿನಗ, ಮೌನೇಶ ಅಂತ! ಒಂದು ದಿವಸರ ಮೌನ ಇದ್ದೀಯೇನು?" ಎಂದು ಚಹಾದ ರೊಕ್ಕ ಬಿಟ್ಟ. ಆ ಉಮೇದಿಯಲ್ಲಿ ಮನೆಗೆ ಬಂದು ಊಟಕ್ಕೆ ಕೂತೆ. ನೀನು ಅಂದು ಪ್ರ್ಯಾಕ್ಟೀಸಿನಿಂದ ಬಂದು ಬೇಗ ಮಲಗಿದ್ದೆ. ನಿಮ್ಮಜ್ಜಿ ರೊಟ್ಟಿ ನೀಡುತ್ತ ಕೇಳಿದಳು:

"ಮೌನೇಶಾ, ಹುಡುಗಿ ಡಬ್ಬಿ ಬರಾಂಗಿಲ್ಲೇನೋ?"

"ಬರಾಂಗಿಲ್ಲಬೇ. ಸುಂಕ ಕೇಳ್ಯಾರ. ಒಂದು ಪೈಸಾ ಕೊಡಾಂಗಿಲ್ಲ ನಾ."

"ಮತ್ತ ಹುಡುಗಿ ಏನ ಕುಡೀಬೇಕು?"

"ನೀರ ಕುಡೀಲಿ. ಅದಕ್ಕಿನ್ನೂ ಸುಂಕ ಹಾಕಿಲ್ಲ."

ಅಜ್ಜಿ ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಇನ್ನೊಂದು ಮಾತು ಕೇಳಿದ್ದರೆ ಚೆನ್ನಾಗಿತ್ತು.

ನಿಮ್ಮಜ್ಜಿಯ ಅಡುಗೆಮನೆ ನಿನಗೇನು ಹೊಸದೇ? ಅಲ್ಲಿ ಬರಿದಾದ ಡಬ್ಬಿಯೆಂಬುದೇ ಇಲ್ಲ. ಜೋಳದ ಗಡಿಗೆಯ ತಳ ಕಾಣುವ ಮೊದಲೇ ಒಂದು ಬೊಗಸೆ ಸುರಿದು ಮುಚ್ಚುವವಳು. ಬಿಸ್ಕೀಟಿನ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಹಾಲಿನ ಪುಡಿಯ ಡಬ್ಬಿಯಲ್ಲಿ ಗುರೆಳ್ಳು ಪುಡಿ, ಮೇಲಿನ ಚೀಟಿ ಓದಿ ಕೈ ಹಾಕಿದವರು ಕೆಟ್ಟರು. ಅದು ಅವಳ ಅತ್ತೆ ಕಲಿಸಿದ್ದು: ಮನೆಯಲ್ಲಿ ಬರಿದಾದ ಡಬ್ಬಿ ಮುಚ್ಚಿಟ್ಟರೆ ಲಕ್ಷ್ಮಿ ಹೊಸ್ತಿಲು ದಾಟುತ್ತಾಳೆ.

ಮರುದಿನ ನಾನು ಪ್ರೆಸ್ಸಿಗೆ ಹೋದ ಮೇಲೆ ಅಜ್ಜಿ ಪಕ್ಕದ ಮನೆಯ ಖಾತುನಬಿಯನ್ನು ಕರೆದುಕೊಂಡು ಆಟೋದಲ್ಲಿ ಗದುಗಿಗೆ ಹೋಗಿದ್ದಾಳೆ. ಎಲೆ ಅಡಿಕೆಯ ಸಂಚಿಯಲ್ಲಿ ಕೂಡಿಟ್ಟ ರೊಕ್ಕ. ಸ್ಟೇಶನ್ ಕಡೆಯ ಒಂದು ಜಿಮ್ ಸಾಮಾನಿನ ಅಂಗಡಿ. ಖಾತುನಬಿ ಈಗ ಹೇಳುತ್ತಾಳೆ, ಒಳಗೆ ಗೋಡೆ ತುಂಬ ಅಂಗಿ ಇಲ್ಲದ ಗಂಡಸರ ಚಿತ್ರ, ಇಬ್ಬರೂ ಸೆರಗು ಬಾಯಿಗೆ ಹಿಡಿದುಕೊಂಡೇ ನಿಂತಿದ್ದರಂತೆ.

"ಯಾರಿಗೆ ಬೇಕ್ರೀ ಅಜ್ಜಿ?"

"ನಮಗಽ ಅನಕೊಂಡಿ? ಸೈಕಲ್ ಹೊಡಿಯೋ ಮೊಮ್ಮಗಳಿಗೋ. ಇಂಥಾದ್ದಽ ಬಣ್ಣದ್ದು ಬೇಕು" ಎಂದು ಚಮಚೆಯಷ್ಟು ಹಳೆಯ ಪುಡಿಯನ್ನು ಕಾಗದದಲ್ಲಿ ಬಿಚ್ಚಿ ತೋರಿಸಿದಳಂತೆ.

"ಇದಕ್ಕಿಂತ ಜೋರಿಂದು ಕೊಡ್ತೀನಿ. ಸೈಕಲ್ ಅಲ್ಲ, ವಿಮಾನ ಹೊಡೀತಾಳ" ಅಂದನಂತೆ ಆ ಪುಣ್ಯಾತ್ಮ.

ಮನೆಗೆ ತಂದು, ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಿನ್ನ ಡಬ್ಬಿಗೆ ಸುರಿದು, ತಳದಲ್ಲಿ ಉಳಿದಿದ್ದರ ಜೊತೆ ಕಲಸಿ ಇಟ್ಟಳು. ನೀನು ಒಂದು ಸಲ "ಯಾಕೋ ಸಿಹಿ ಆಗೇತಿ" ಅಂದದ್ದು ನಿಮ್ಮವ್ವನಿಗೆ ನೆನಪಿದೆ. ಅಜ್ಜಿ ಸಾರಿಗೂ ಬೆಲ್ಲ ಹಾಕುವವಳು, ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಡಬ್ಬಿ ಇನ್ನೂ ಹೇಗೆ ಮುಗಿದಿಲ್ಲ ಎಂದು ನೀನು ಯೋಚಿಸಲಿಲ್ಲ. ಮನೆಯಲ್ಲಿ ಡಬ್ಬಿ ಮುಗಿಯದಿರುವುದೇ ರೂಢಿ.

ನೀನು ಅದೇ ಡಬ್ಬಿ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ. ಎರಡು ದಿನದ ನಂತರ ಮುಂಬಯಿಯ ಡಬ್ಬಿ ಮನೆ ಬಾಗಿಲಿಗೆ ಬಂತು.

ದಿಲ್ಲಿಯ ನೋಟೀಸು ಬಂದ ಮೇಲೆ ಮನೆಯ ಒಂದೊಂದು ಮಾತ್ರೆ, ಕಷಾಯ ಎಲ್ಲ ಹುಡುಕಿದೆವು. ಶಾವಿಗೆ ಡಬ್ಬಿಯ ಹಿಂದೆ ಗಂಟು ಕಟ್ಟಿಟ್ಟ ಅರ್ಧ ಪೊಟ್ಟಣ ನಿಮ್ಮವ್ವ ಕಾಂಚನಾಳ ಕೈಗೆ ಸಿಕ್ಕಿತು. ಅಜ್ಜಿಯನ್ನು ಕೇಳಿದೆವು. ಮುಚ್ಚಿಡುವ ಮಾತೇ ಇಲ್ಲ, ಅಭಿಮಾನದಿಂದ ಹೇಳಿದಳು:

"ಹೂನೋ, ನಾನಽ ತುಂಬಿಟ್ಟೆ. ನೀ ಕೊಡಾಂಗಿಲ್ಲ ಅಂದಿ, ಹುಡುಗಿ ಖಾಲಿ ಹೊಟ್ಟಿಲೇ ಓಡಬೇಕೇನು? ಯಾಕ, ಶಕ್ತಿ ಬರಲಿಲ್ಲೇನು ಅಕೀಗೆ?"

ಕಾಂಚನಾ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬಂತಬೇ, ಬಾಳ ಬಂತು" ಅಂದೆ.

ಅಜ್ಜಿಗೆ ಇನ್ನೂ ಏನೂ ಗೊತ್ತಿಲ್ಲ. ನೀನು ಆಯಾಸಕ್ಕೆ ಅತ್ತೆಯ ಮನೆಗೆ ಹೋಗಿದ್ದೀಯ ಎಂದುಕೊಂಡಿದ್ದಾಳೆ. ಆ ಪೊಟ್ಟಣವನ್ನು ವಕೀಲರು ಮುದ್ರೆ ಹಾಕಿಸಿ ಪರೀಕ್ಷೆಗೆ ಕಳಿಸಿದ್ದಾರೆ. ನಡೆದದ್ದನ್ನು ಕಾಂಚನಾ ಬರೆದುಕೊಡುತ್ತಾಳೆ, ಖಾತುನಬಿಯೂ ಸಹಿ ಮಾಡುತ್ತೇನೆ ಅಂದಿದ್ದಾಳೆ. "ಅಕ್ಕಗ ಮಾತ್ರ ಹೇಳಬ್ಯಾಡ್ರಿ, ಎದಿ ಒಡಕೋತಾಳ" ಎಂದು ಅಜ್ಜಿಯ ಸಲುವಾಗಿ ಕೈ ಮುಗಿದಳು. ಅಜ್ಜಿಯನ್ನು ದಿಲ್ಲಿಗೂ ಕರೆಯುವುದಿಲ್ಲ, ಧಾರವಾಡಕ್ಕೂ ಕರೆಯುವುದಿಲ್ಲ, ವಕೀಲರನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಬೇಕಾದದ್ದು ನಿನ್ನ ಸಹಿ ಒಂದೇ.

ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಪರೀಕ್ಷೆಯಾದ ಡಬ್ಬಿಯನ್ನು ಕಟ್ಟೆಯಲ್ಲಿ ತಡೆದು ನಿಲ್ಲಿಸುವವರಿಗೆ, ಪರೀಕ್ಷೆಯಾಗದ ವಿಷ ಸ್ಟೇಶನ್ ಹತ್ತಿರ ಹಾಡುಹಗಲೇ ಮಾರಾಟವಾಗುವುದು ಕಾಣುವುದಿಲ್ಲ. ಶುದ್ಧವಾದದ್ದು ತುಟ್ಟಿ, ಹೊಲಸು ಸಸ್ತಾ. ಆಮೇಲೆ ಹೊಲಸು ಯಾಕೆ ತಿಂದೆ ಎಂದು ಹತ್ತೊಂಬತ್ತರ ಹುಡುಗಿಗೆ ನೋಟೀಸು! ತಡೆದ ಕೈ ಒಂದು, ಶಿಕ್ಷೆ ಕೊಡುವ ಕೈ ಇನ್ನೊಂದು, ಎರಡಕ್ಕೂ ಪರಿಚಯವಿಲ್ಲ. ಆ ಅಂಗಡಿಯವನ ಮೇಲೂ ದೂರು ಕೊಟ್ಟಿದ್ದೇನೆ, ಕೊಟ್ಟ ದಿನ ಎರಡು ತಾಸು ಬಾಗಿಲು ಹಾಕಿದ್ದ, ಮೂರನೆಯ ತಾಸಿಗೆ ತೆರೆದ.

ನಿನ್ನ ಸೈಕಲ್ ಮಾರಿಲ್ಲ. ಮಾಳಿಂಗರಾಯ ಸರ್ ಬಂದು ಚೈನಿಗೆ ಎಣ್ಣೆ ಹಾಕಿ ಹೋದರು. ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸಿಗೆ ಬಾ. ನಾನು ಗದುಗಿನಿಂದ ಬಂದು ಅಲ್ಲಿ ಕಾಯುತ್ತೇನೆ, ಕೂಡಿ ಧಾರವಾಡಕ್ಕೆ ಹೋಗೋಣ. ನಿನಗೆ ಆಯುಷ್ಯ ದೊಡ್ಡದಾಗಲಿ, ದಾರಿ ಉದ್ದವಾಗಲಿ, ಗಾಳಿ ಸದಾ ಬೆನ್ನ ಕಡೆಯಿಂದ ಬೀಸಲಿ. ಅತ್ತೆಗೆ ನಮಸ್ಕಾರ ಹೇಳು.

ಇಂತಿ ನಿನ್ನ ಅಪ್ಪ,
ಮೌನೇಶ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮತ್ತೆ ಸಾವಕ್ಕ ಈಗ ತಾನೇ ಫೋನು ಮಾಡಿದ್ದಳು. ನೀನು ಉತ್ತರ ಕೊಡಲು ಯಾಕೆ ಒಲ್ಲೆ ಅನ್ನುತ್ತೀ ಎಂದು ಕೇಳಿದರೆ ಅವಳ ಮುಂದೆ ಅಳುತ್ತ ಅಂದೆಯಂತೆ: "ಉತ್ತರ ಕೊಟ್ರ ಅಪ್ಪನ ಹೆಸರು ಬರೀಬೇಕಾಗ್ತೈತಿ ಅತ್ತಿ. ಟ್ಯಾಕ್ಸ್ ಉಳಿಸಾಕ ಅಂವನಽ ಸಸ್ತಾ ಪುಡಿ ತುಂಬಿರ್ತಾನ. ನಾ ಬರಿಯಾಂಗಿಲ್ಲ."

ಇಷ್ಟು ದಿನ ನೀನು ನನ್ನ ಮೇಲೆ ಸಿಟ್ಟಾಗಿ ಫೋನು ಬಂದ್ ಮಾಡಿದ್ದೀ ಎಂದುಕೊಂಡಿದ್ದೆ. ನನ್ನನ್ನು ಉಳಿಸಲು ನಿನ್ನ ಸೈಕಲ್ಲನ್ನೇ ಬಿಡಲು ಹೊರಟಿದ್ದೀಯಾ ಯವ್ವಾ?

ಸುಂಕವನ್ನು ನಾನು ಪದ್ಯ ಓದಿದ ಮರುದಿನವೇ ಕಟ್ಟಿದ್ದೆ. ಪ್ರೆಸ್ಸಿನ ಮಾಲಕರ ಹತ್ತಿರ ಮುಂಗಡ ಇಸಿದುಕೊಂಡು, ಅಜ್ಜಿ ಆ ಅಂಗಡಿಯಲ್ಲಿ ನಿಂತಿದ್ದ ಹೊತ್ತಿಗೇ ಸರಿಯಾಗಿ. ಕಟ್ಟಿದ ಮೇಲೂ ಡಬ್ಬಿಗೆ ಕಟ್ಟೆ ದಾಟಲು ವಾರಗಳೇ ಹಿಡಿದವು. ಆದರೆ ಯಾರಿಗೂ ಹೇಳಲಿಲ್ಲ. ಓಣಿ ತುಂಬ ಗುಡುಗಿದವನು ಕಟ್ಟಿದೆ ಎಂದು ಯಾವ ಬಾಯಿಂದ ಹೇಳಲಿ? ಮನೆಯಲ್ಲಿ "ಡಬ್ಬಿ ಬರ್ತೈತಿ" ಎಂದು ಒಂದು ಮಾತು ಅಂದಿದ್ದರೆ ಅಜ್ಜಿ ಆ ಪುಡಿಯನ್ನು ಹಾಗೇ ಗಂಟು ಕಟ್ಟಿ ಇಡುತ್ತಿದ್ದಳು.

ಕುಬೇರಪ್ಪನ ಅಂಗಡಿಯಲ್ಲಿ ಮಂದಿ ನಿನ್ನ ಬಗ್ಗೆ ಏನೇನೋ ಆಡಿಕೊಳ್ಳತೊಡಗಿದಾಗ, ಪುಡಿ ತುಂಬಿದವನು ನಾನೇ ಎಂದು ಹೇಳಿಬಿಟ್ಟಿದ್ದೇನೆ. ಅಜ್ಜಿ ಕೇಳಿದರೆ, ಅವಳ ಪುಡಿ ಒಳ್ಳೆಯದೇ ಇತ್ತು, ಆಮೇಲೆ ಅಪ್ಪ ಬೆರೆಸಿದ್ದೇ ಕೆಟ್ಟದ್ದು ಎಂದು ನೀನೂ ಹೇಳು. ದಿಲ್ಲಿಗೆ ಖರೇ ಹೋಗಲಿ, ಬೆಟಗೇರಿಯ ಸುಳ್ಳು ನನ್ನ ತಲೆಯ ಮೇಲಿರಲಿ.

ಸೋಮವಾರ ಸಿಟ್ಟು ಮಾಡಿಕೊಂಡೇ ಬಾ. ಆದರೆ ನಾನು ತುಂಬದ ಪುಡಿಗಲ್ಲ, ನಾನು ಆಡದ ಆ ಒಂದು ಮಾತಿಗೆ ಸಿಟ್ಟಾಗು.